ತಾನೇ ಹರಿಯುವ ಕಾಂಕ್ರೀಟ್ ಹಾಕಿಸುವ ಮುಂಚೆ ಸಿಮೆಂಟ್ ಯಾವುದು ಅಂತ ಕೇಳಿ

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಹಿತ್ತಲಲ್ಲಿ ಎತ್ತರದ ಧರೆ. ಪ್ರತಿ ಮಳೆಗಾಲವೂ ಒಂದಿಷ್ಟು ಜರಿಯುತ್ತಿತ್ತು. ಹೋದ ವರ್ಷ ಜನವರಿಯಲ್ಲಿ ಧೈರ್ಯ ಮಾಡಿ 40 ಅಡಿ ಉದ್ದದ ಕಾಂಕ್ರೀಟ್ ಗೋಡೆ ಕಟ್ಟಿಸಿದೆವು. ಕಂಬಿ ಒತ್ತೊತ್ತಾಗಿತ್ತು, ವೈಬ್ರೇಟರ್ ಇಳಿಯುವುದು ಕಷ್ಟ. ಅದಕ್ಕೇ ಶಿವಮೊಗ್ಗ ಕಡೆಯ ಒಂದು ಪ್ಲಾಂಟಿನಿಂದ ಸೆಲ್ಫ್ ಕಂಪ್ಯಾಕ್ಟಿಂಗ್ ಕಾಂಕ್ರೀಟ್, ಅಂದರೆ ವೈಬ್ರೇಟರ್ ಇಲ್ಲದೆ ತಾನೇ ಹರಿದು ತುಂಬಿಕೊಳ್ಳುವಂಥದ್ದು, ತರಿಸಿದೆವು.

ಸೆಂಟ್ರಿಂಗ್ ಬಿಚ್ಚಿದಾಗ ಎಲ್ಲೂ ಒಂದು ತೂತಿಲ್ಲ, ಅಷ್ಟು ನುಣ್ಣಗಿತ್ತು. ಎರಡು ತಿಂಗಳಲ್ಲಿ ನಾಲ್ಕು ಬಿರುಕು ಬಂತು. ಎಲ್ಲವೂ ನೆಟ್ಟಗೆ, ಬುಡದಿಂದ ಸ್ವಲ್ಪ ಮೇಲೆ ಶುರುವಾಗಿದ್ದವು. ಆರಿದ್ರಾ ಮಳೆ ಹಿಡಿದ ಮೇಲೆ ಅಲ್ಲಿಂದಲೇ ನೀರು ಜಿನುಗಿತು. ಒಳಗಿನ ಕಂಬಿಯ ಗತಿ ಏನು ಅಂತ ಆ ಮಳೆಗಾಲವಿಡೀ ಚಿಂತೆ.

ಪ್ಲಾಂಟಿನವರು ಪಾಯ ಕುಸಿದಿರಬೇಕು ಅಂದರು. ಸಿವಿಲ್ ಇಂಜಿನಿಯರ್ ಆಗಿರುವ ನಮ್ಮ ಭಾವ ಬಂದು ನೋಡಿದರು. "ಪಾಯ ಕುಸಿದಿದ್ದರೆ ಬಿರುಕು ಓರೆಯಾಗಿ ಬರ್ತಿತ್ತು ಮಾರಾಯ. ಇದು ಒಣಗಿ ಕುಗ್ಗಿದ್ದು. ಬ್ಯಾಚ್ ಶೀಟ್ ತೆಗಿ" ಅಂದರು. ಲೋಡಿಗೆ ಏನೇನು ಎಷ್ಟು ಹಾಕಿದ್ದಾರೆ ಅಂತ ಪ್ಲಾಂಟಿನವರು ಕೊಡುವ ಚೀಟಿ ಅದು. ಕೊಟೇಶನ್ನಿನಲ್ಲಿ ಸಿಮೆಂಟಿನ ಜೊತೆ ಹಾರುಬೂದಿ (ಕಲ್ಲಿದ್ದಲು ಉರಿಸಿ ಉಳಿಯುವ ನುಣ್ಣನೆಯ ಬೂದಿ) ಬರೆದಿದ್ದರು. ಶೀಟಿನಲ್ಲಿ ಹಾರುಬೂದಿ ಸೊನ್ನೆ. ಪೂರ್ತಿ 53 ಗ್ರೇಡ್ ಸಿಮೆಂಟ್. ಕೇಳಿದರೆ, "ಇನ್ನೂ ಗಟ್ಟಿ ಅಲ್ವಾ ಸಾರ್" ಅಂದರು.

ಗಟ್ಟಿ ನಿಜ. ಆದರೆ ಕಾಂಕ್ರೀಟಿನಲ್ಲಿ ಕುಗ್ಗುವುದು ಸಿಮೆಂಟ್ ಪಾಕ, ಜಲ್ಲಿ ಅದನ್ನು ತಡೆದು ಹಿಡಿಯುತ್ತದೆ. ಹರಿಯಬೇಕಾದ ಕಾಂಕ್ರೀಟಿಗೆ ಜಲ್ಲಿ ಕಡಿಮೆ, ಪುಡಿ (ಸಿಮೆಂಟ್, ಹಾರುಬೂದಿಯಂಥದ್ದು) ಜಾಸ್ತಿ. ಘನ ಮೀಟರಿಗೆ 400ರಿಂದ 600 ಕೆಜಿವರೆಗೂ ಪುಡಿ ಹೋಗುತ್ತದೆ. ಅಷ್ಟೂ ಸಿಮೆಂಟೇ ಆದರೆ ಕುಗ್ಗುವುದು ಹೆಚ್ಚು. ಸಿಮೆಂಟ್ ನುಣುಪಾಗಿ ಅರೆದಷ್ಟೂ, ಅದರಲ್ಲಿ ಸಿ3ಎ (ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್) ಅನ್ನುವ ಅಂಶ ಜಾಸ್ತಿಯಾದಷ್ಟೂ, ಅದಕ್ಕೆ ತಕ್ಕ ಜಿಪ್ಸಂ ಇಲ್ಲದಿದ್ದರೂ ತೊಂದರೆಯೇ. ಸಾಧಾರಣ ಕಾಂಕ್ರೀಟಿಗೇ ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ) ಹಿಡಿಯುವ ಕುಗ್ಗುವಿಕೆಯ ಅಂದಾಜು ಉದ್ದದ 0.0003 ಪಾಲು. ನಮ್ಮ 12 ಮೀಟರ್ ಗೋಡೆಗೆ ಅದು ಮೂರೂವರೆ ಮಿಲಿಮೀಟರ್. ಗೋಡೆ ಕುಗ್ಗಲು ನೋಡುತ್ತದೆ, ಪಾಯ ಬಿಡುವುದಿಲ್ಲ, ಕುಗ್ಗಲು ನಡುವೆ ಬಿಡುವ ಸಂದು, ಅಂದರೆ ಜಾಯಿಂಟ್, ಅದನ್ನೂ ಬಿಟ್ಟಿರಲಿಲ್ಲ. ಸೀಳದೆ ಇನ್ನೇನು ಮಾಡೀತು?

ಕ್ಯೂರಿಂಗ್‌ನಲ್ಲಿ ನಮ್ಮದೂ ತಪ್ಪಿದೆ. ಗೋಣಿ ಚೀಲ ಹೊದಿಸಿ ನೀರು ಹಾಕಿದ್ದು ನಾಲ್ಕೇ ದಿನ. ಬರೀ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಸೇರಿದ್ದರೆ 10 ದಿನ ಬೇಕು. ಜನವರಿಯ ಒಣಗಾಳಿಗೆ ಇನ್ನೂ ಜಾಸ್ತಿಯೇ ಒಳ್ಳೆಯದು.

ಹಾಗಾಗಿ ಲಾರಿ ಬಂದ ಕೂಡಲೇ ಸುಮ್ನೆ ಸುರಿಸಬೇಡಿ. ಮೊದಲು ಬ್ಯಾಚ್ ಶೀಟ್ ಕೈಗೆ ತಗೊಳ್ಳಿ, ಮಾತಾಡಿದ ಮಿಶ್ರಣವೇ ಬಂದಿದೆಯಾ ನೋಡಿ. ಸಿಮೆಂಟ್ ಕಂಪನಿಯ ಟೆಸ್ಟ್ ಸರ್ಟಿಫಿಕೇಟನ್ನು ಪ್ಲಾಂಟಿನವರಿಂದ ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ. ನುಣುಪು ಅದರಲ್ಲಿರುತ್ತದೆ, ಸಿ3ಎ ಇಲ್ಲದಿದ್ದರೆ ಕೇಳಿ ತಗೊಳ್ಳಿ, ನಿಮ್ಮ ಇಂಜಿನಿಯರಿಗೆ ತೋರಿಸಿ. ಜಾಯಿಂಟ್ ಎಲ್ಲೆಲ್ಲಿ ಅಂತಲೂ ಅವರನ್ನೇ ಕೇಳಿ. ನಾವೀಗ ಬಿರುಕಿಗೆ ಎಪಾಕ್ಸಿ ತುಂಬಿಸಲು ಜನ ಹುಡುಕುತ್ತಿದ್ದೇವೆ.