ಹಾಸನದ ಸಾಫ್ಟ್‌ಬಾಲ್ ಕ್ಯಾಂಪ್: ಕಪ್ ಎಷ್ಟು ಅಂತ ಕೇಳುವವರಿಗೆ

ಸಾಲಗಾಮೆ ರಸ್ತೆ ಕಡೆ ಸಂಜೆ ಹೊತ್ತು ನಡೆಯುವ ಸಾಫ್ಟ್‌ಬಾಲ್ ಕ್ಯಾಂಪ್‌ಗೆ ನನ್ನ ಮಗಳು ಹೋಗುತ್ತಿದ್ದಾಳೆ. ಮಕ್ಕಳನ್ನ ಸೇರಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಧಾರಾಳವಾಗಿ ಸೇರಿಸಿ.

ಬಂದವರೆಲ್ಲ ಮೊದಲು ವಿಚಾರಿಸುವುದು ಇಲ್ಲಿ ಕಲಿಸುವ ಸರ್ ತಂಡ ಎಷ್ಟು ಕಪ್ ಗೆದ್ದಿದೆ ಅಂತ. ರಾಜ್ಯಮಟ್ಟದ್ದು ಒಂದೂ ಇಲ್ಲ. ಅಷ್ಟು ಕೇಳಿದ್ದೇ ಕೆಲವರು ಗಾಡಿ ತಿರುಗಿಸಿಕೊಂಡು ಹೋಗಿಬಿಡುತ್ತಾರೆ, ನೋಡಿ ಬೇಜಾರಾಗುತ್ತದೆ. ಅಂಥವರಿಗೆ ನಾನು ಮೈಕ್ ಮಾರ್ಟಿನ್ ಬಗ್ಗೆ ಹೇಳುತ್ತೇನೆ. ಸಾಫ್ಟ್‌ಬಾಲ್‌ನಂಥದ್ದೇ ಆಟವಾದ ಬೇಸ್‌ಬಾಲ್‌ಗೆ ಅಮೆರಿಕದ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕೋಚ್ ಆಗಿದ್ದರು. ತಾವು ಓದುವಾಗ ಆಡಿದ ತಂಡಕ್ಕೇ ವಾಪಸ್ ಬಂದು, 1980ರಿಂದ 2019ರವರೆಗೆ 40 ಸೀಸನ್ ಮುಖ್ಯ ಕೋಚ್ ಆಗಿದ್ದವರು. ಗೆದ್ದದ್ದು 2,029 ಪಂದ್ಯ. ಅವರು ಬಿಟ್ಟಾಗ ಅಲ್ಲಿನ ಕಾಲೇಜು ಬೇಸ್‌ಬಾಲ್‌ನಲ್ಲಿ ಅಷ್ಟು ಗೆದ್ದ ಕೋಚ್ ಬೇರೆ ಯಾರೂ ಇರಲಿಲ್ಲ. ಯಾವ ಸೀಸನ್‌ನಲ್ಲೂ 40 ಗೆಲುವಿಗೆ ಕಡಿಮೆ ಇಲ್ಲ. ಕಾಲೇಜು ತಂಡಗಳ ಕೊನೆಯ ಹಂತ ನಡೆಯುವ ಒಮಾಹಾಗೆ 17 ಸಲ ಹುಡುಗರನ್ನ ಕರೆದುಕೊಂಡು ಹೋದರು, 1986ರಲ್ಲಿ ಮತ್ತು 1999ರಲ್ಲಿ ಫೈನಲ್‌ಗೂ ಬಂದರು, ಎರಡನೇ ಸಲ ಮಯಾಮಿ ಎದುರು 6-5ರಲ್ಲಿ ಸೋತರು. ಚಾಂಪಿಯನ್ ಪಟ್ಟ ಕೊನೆಗೂ ಸಿಗಲಿಲ್ಲ. ಅವರ ಹತ್ತಿರ ಮಗನನ್ನ ಕಳಿಸಲ್ಲ ಅಂತ ಯಾರಾದರೂ ಹೇಳುತ್ತಿದ್ದರಾ?

ಮಾರ್ಟಿನ್ ತಂಡಕ್ಕೆ ಶಾರ್ಟ್‌ಸ್ಟಾಪ್ ಆಗಿ, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ಫೀಲ್ಡಿಂಗ್ ಮಾಡುವವನಾಗಿ ಬಂದ ಹುಡುಗ ಬಸ್ಟರ್ ಪೋಸಿ. ಎರಡನೇ ವರ್ಷ ಅವನನ್ನ ಕ್ಯಾಚರ್, ಅಂದರೆ ಬ್ಯಾಟಿಂಗ್ ಮಾಡುವವರ ಹಿಂದೆ ಕೂತು ಚೆಂಡು ಹಿಡಿಯುವವನನ್ನಾಗಿ ಮಾಡಿದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಜೊತೆ 2010, 2012, 2014ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಚಾಂಪಿಯನ್ ಪಟ್ಟ ಗೆದ್ದ. ಯಾವ ಹುಡುಗ ಎಲ್ಲಿ ನಿಂತರೆ ಸರಿ ಅಂತ ಕಂಡುಹಿಡಿಯೋದೇ ಕೋಚ್ ಕೆಲಸದಲ್ಲಿ ಅರ್ಧ.

ನಮ್ಮ ಸರ್‌ಗೂ ಆ ಕಣ್ಣಿದೆ. ನನ್ನ ಮಗಳು ದೂರದ ಫೀಲ್ಡಿಂಗ್‌ನಲ್ಲಿ ಸುಮ್ನೆ ನಿಂತು ಬೇಸರಪಟ್ಟುಕೊಳ್ಳುತ್ತಿದ್ದಳು. ಆಡುವ ಹೊತ್ತಲ್ಲಿ ಅವಳು ಎಲ್ಲರಿಗೂ ಕೂಗಿ ಕೂಗಿ ಹೇಳುತ್ತಿರುವುದನ್ನ ಗಮನಿಸಿ, ಸರ್ ಅವಳನ್ನ ಬ್ಯಾಟಿಂಗ್ ಮಾಡುವವರ ಹಿಂದೆ ಕ್ಯಾಚರ್ ಆಗಿ ಕೂರಿಸಿದರು. ಮೊದಲು ಚೆಂಡನ್ನ ಹಿಡಿಸಲೇ ಇಲ್ಲ. ಎರಡೂ ಮಂಡಿ ಊರಿಸಿ, ಎಸೆಯುವ ಕೈ ಬೆನ್ನ ಹಿಂದೆ ಇಡಿಸಿ, ನೆಲಕ್ಕೆ ಬಡಿದು ಬರುವ ಚೆಂಡನ್ನ ಎದೆಗಾರ್ಡ್‌ನಲ್ಲಿ ತಡೆದು ಮುಂದೆ ಬೀಳಿಸುವುದನ್ನೇ ಮಾಡಿಸಿದರು. ಗದ್ದ ಮೇಲೆತ್ತಿದರೆ ಮತ್ತೆ ಮೊದಲಿಂದ. ಬೈಗುಳ ಒಂದೂ ಇಲ್ಲ. ಈಗ ಅವಳ ಕೈ ತಾನಾಗಿಯೇ ಹಿಂದೆ ಹೋಗುತ್ತದೆ, ಬೆರಳಿಗೆ ಪೆಟ್ಟು ಬೀಳೋದು ನಿಂತಿದೆ.

ಕೊರತೆ ಇಲ್ಲ ಅಂತಲ್ಲ. ಕ್ಯಾಚರ್ ಗ್ಲೌಸ್ ಎಲ್ಲರಿಗೂ ಸೇರಿ ಒಂದೇ, ಅಂಗೈ ಕಡೆ ಪ್ಯಾಡ್ ಸವೆದು ಹೋಗಿದೆ, ಹೆಬ್ಬೆರಳ ಹತ್ತಿರದ ಚರ್ಮದ ದಾರ ಕಿತ್ತು ಶೂ ಲೇಸ್ ಕಟ್ಟಿದ್ದಾರೆ. ಇದನ್ನ ಬದಲಾಯಿಸಲೇಬೇಕು, ಮಕ್ಕಳ ಕೈ ಅಲ್ವಾ. ಮಳೆಗಾಲದಲ್ಲಿ ಗ್ರೌಂಡ್ ಕೆಸರಾಗಿ ವಾರಗಟ್ಟಲೆ ಆಟ ಇರುವುದಿಲ್ಲ, ಆದರೂ ತಿಂಗಳ ಫೀಸ್ ಪೂರ್ತಿ ತಗೊಳ್ಳುತ್ತಾರೆ, ಅದು ನನಗೆ ಸರಿ ಅನ್ನಿಸಿಲ್ಲ.

ಸೇರಿಸುವ ಮುಂಚೆ ಒಂದು ಸಂಜೆ ಹೋಗಿ ಬೇಲಿ ಹತ್ತಿರ ನಿಂತು ನೋಡಿ. ಕಪ್ ಇಟ್ಟಿರೋ ಕಪಾಟು ಹುಡುಕಬೇಡಿ, ಸರಿಯಾಗಿ ಆಡಲು ಬಾರದ ಮಗುವಿನ ಹತ್ತಿರ ಸರ್ ಎಷ್ಟು ಹೊತ್ತು ನಿಲ್ಲುತ್ತಾರೆ ನೋಡಿ. ಗ್ಲೌಸ್ ಮಾತ್ರ ಆದರೆ ಸ್ವಂತದ್ದು ಕೊಡಿಸಿ.