ಎಜಿ ಗ್ರಿಡ್‌ನಲ್ಲಿ ಮೌಲ್ಯಕ್ಕೆ ತಕ್ಕ ಸೆಲ್ ಶೈಲಿ: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ದಾಸ್ತಾನು, ಬಾಕಿ ಮೊತ್ತ, ಗಡುವಿನ ದಿನಾಂಕ ಮುಂತಾದ ವಿವರಗಳನ್ನು ಸಾವಿರಾರು ಸಾಲುಗಳಲ್ಲಿ ತೋರಿಸಬೇಕಾದ ವೆಬ್ ಅಪ್ಲಿಕೇಶನ್‌ಗಳಿಗಾಗಿ ನಾನು ಹಲವು ವರ್ಷಗಳಿಂದ ಎಜಿ ಗ್ರಿಡ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ಬಳಸುತ್ತಿದ್ದೇನೆ. ಅದರಲ್ಲಿ ವಿಂಗಡಣೆ, ಫಿಲ್ಟರ್, ಗುಂಪುಗೂಡಿಸುವಿಕೆ ಎಂದು ಹೇಳಬೇಕಾದದ್ದು ಬಹಳಷ್ಟಿದ್ದರೂ ಈ ವಿಮರ್ಶೆಯನ್ನು ಒಂದೇ ಪ್ರಶ್ನೆಗೆ ಸೀಮಿತಗೊಳಿಸಿದ್ದೇನೆ: ಸೆಲ್‌ನಲ್ಲಿರುವ ಮೌಲ್ಯವನ್ನು ನೋಡಿ ಅದರ ಬಣ್ಣವನ್ನೋ ಅಕ್ಷರದ ದಪ್ಪವನ್ನೋ ಬದಲಿಸುವ ಕೆಲಸವನ್ನು ಈ ಲೈಬ್ರರಿ ಎಷ್ಟು ನಂಬಿಕೆಗೆ ಅರ್ಹವಾಗಿ ಮಾಡುತ್ತದೆ?

ಈ ಕೆಲಸಕ್ಕೆ ಲೈಬ್ರರಿಯೇ ಬೇಕೆ ಎಂದು ಕೇಳುವವರಿದ್ದಾರೆ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್ಎಸ್ ಭಾಷೆಯೊಂದರಿಂದಲೇ ಇದು ಸಾಧ್ಯವಿಲ್ಲ. ಒಂದು ಅಂಶದೊಳಗಿನ ಪಠ್ಯವನ್ನು ಓದಿ ಅದನ್ನು ಆಯ್ದುಕೊಳ್ಳುವ ಸೆಲೆಕ್ಟರ್ (ಯಾವ ಅಂಶಕ್ಕೆ ಶೈಲಿ ಹಚ್ಚಬೇಕೆಂದು ಹೇಳುವ ಭಾಗ) ಬ್ರೌಸರ್‌ಗಳಲ್ಲಿ ಇಲ್ಲ. ಹಿಂದೊಮ್ಮೆ ಕರಡು ನಿರ್ದಿಷ್ಟತೆಯಲ್ಲಿದ್ದ 'ಕಂಟೇನ್ಸ್' ಸೆಲೆಕ್ಟರನ್ನು ಕೈಬಿಡಲಾಯಿತು, ಅದು ಜೆಕ್ವೆರಿಯಂಥ ಲೈಬ್ರರಿಗಳಲ್ಲಿ ಮಾತ್ರ ಉಳಿದುಕೊಂಡಿತು. 2023ರ ಕೊನೆಯ ಹೊತ್ತಿಗೆ ಎಲ್ಲ ಪ್ರಮುಖ ಬ್ರೌಸರ್‌ಗಳಿಗೂ ಬಂದ 'ಹ್ಯಾಸ್' ಸೆಲೆಕ್ಟರ್ ಕೂಡ ಒಳಗಿನ ಅಂಶಗಳನ್ನು ನೋಡುತ್ತದೆಯೇ ಹೊರತು ಅಲ್ಲಿರುವ ಪದವನ್ನಾಗಲಿ ಅಂಕಿಯನ್ನಾಗಲಿ ನೋಡುವುದಿಲ್ಲ. ಆದ್ದರಿಂದ ಮೌಲ್ಯವನ್ನು ಓದಿ ಸಿಎಸ್ಎಸ್ ಗುರುತಿಸಬಲ್ಲ ಒಂದು ಹೆಸರನ್ನು, ಅಂದರೆ ಕ್ಲಾಸ್ ಅಥವಾ ಡೇಟಾ ಆಟ್ರಿಬ್ಯೂಟನ್ನು, ಹಚ್ಚುವ ಹೊಣೆ ಜಾವಾಸ್ಕ್ರಿಪ್ಟ್‌ನದೇ. ಇನ್ನು ಗ್ರಿಡ್ ಸಿದ್ಧವಾದ ಮೇಲೆ ಹೊರಗಿನಿಂದ ಸೆಲ್‌ಗಳನ್ನು ಹುಡುಕಿ ಬಣ್ಣ ಹಚ್ಚುವ ದಾರಿಯೂ ಇಲ್ಲಿ ನಡೆಯುವುದಿಲ್ಲ. ಎಜಿ ಗ್ರಿಡ್ ಕಣ್ಣಿಗೆ ಕಾಣುವ ಸಾಲುಗಳನ್ನೂ ಅವುಗಳ ಆಚೀಚೆಯ ಕೆಲವನ್ನೂ ಮಾತ್ರ ಪುಟದಲ್ಲಿ ಇಟ್ಟುಕೊಂಡು ಉಳಿದವುಗಳನ್ನು ಸ್ಕ್ರಾಲ್ ಮಾಡಿದಂತೆ ಸೃಷ್ಟಿಸುತ್ತದೆ, ಹೀಗಾಗಿ ಹೊರಗಿನಿಂದ ಹಚ್ಚಿದ ಬಣ್ಣ ಆ ಸಾಲು ಮರೆಯಾದೊಡನೆ ಕಳೆದುಹೋಗುತ್ತದೆ.

ಪ್ರತಿ ಕಾಲಂ ಹೇಗಿರಬೇಕೆಂದು ಗ್ರಿಡ್‌ಗೆ ತಿಳಿಸುವ ಕಾಲಂ ವ್ಯಾಖ್ಯಾನದಲ್ಲಿ ಇದಕ್ಕಾಗಿ ಮೂರು ದಾರಿಗಳಿವೆ: ಸೆಲ್‌ಸ್ಟೈಲ್, ಸೆಲ್‌ಕ್ಲಾಸ್ ಮತ್ತು ಸೆಲ್‌ಕ್ಲಾಸ್‌ರೂಲ್ಸ್. ಮೊದಲನೆಯದು ನೇರವಾಗಿ ಶೈಲಿಯ ಗುಣಗಳನ್ನು ಕೊಡುತ್ತದೆ, ಎರಡನೆಯದು ಕ್ಲಾಸ್‌ನ ಹೆಸರನ್ನು ಕೊಡುತ್ತದೆ, ಮೂರನೆಯದರಲ್ಲಿ ಪ್ರತಿ ಕ್ಲಾಸ್‌ಗೂ ಒಂದೊಂದು ಷರತ್ತನ್ನು ಬರೆದಿಡುತ್ತೇವೆ. ಮೊದಲ ನೋಟಕ್ಕೆ ಮೂರೂ ಒಂದೇ ಕೆಲಸ ಮಾಡುವಂತೆ ಕಾಣುತ್ತವೆ, ಮತ್ತು ಸ್ಥಿರವಾದ ಮಾಹಿತಿ ಇರುವ ಕೋಷ್ಟಕದಲ್ಲಿ ನಿಜಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಮೌಲ್ಯ ಬದಲಾಗತೊಡಗಿದಾಗ ಅವುಗಳ ನಡುವಿನ ಅಂತರ ಹೊರಬೀಳುತ್ತದೆ. ಸೆಲ್ ಮರುಚಿತ್ರಣಗೊಂಡಾಗ ಸೆಲ್‌ಸ್ಟೈಲ್ ಹೊಸ ಗುಣಗಳನ್ನು ಹಚ್ಚುತ್ತದೆ, ಆದರೆ ಹೊಸ ಉತ್ತರದಲ್ಲಿಲ್ಲದ ಹಳೆಯ ಗುಣವನ್ನು ತೆಗೆಯುವುದಿಲ್ಲ. ದಾಸ್ತಾನು 5 ಇದ್ದಾಗ ಕೆಂಪು ಹಿನ್ನೆಲೆ ಪಡೆದ ಸೆಲ್, ಸಂಖ್ಯೆ 50ಕ್ಕೆ ಏರಿದ ಮೇಲೆ ಶೈಲಿಯನ್ನು ತೀರ್ಮಾನಿಸುವ ನಮ್ಮ ಫಂಕ್ಷನ್ ಏನನ್ನೂ ಹಿಂತಿರುಗಿಸದಿದ್ದರೆ ಕೆಂಪಾಗಿಯೇ ಉಳಿಯುತ್ತದೆ. ಸೆಲ್‌ಕ್ಲಾಸ್‌ನದೂ ಇದೇ ಕಥೆ, ಅಲ್ಲಿ ಹಳೆಯ ಕ್ಲಾಸ್‌ಗಳು ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಸೆಲ್‌ಕ್ಲಾಸ್‌ರೂಲ್ಸ್ ಮಾತ್ರ ಷರತ್ತು ನಿಜವಾದರೆ ಕ್ಲಾಸನ್ನು ಹಚ್ಚಿ, ಸುಳ್ಳಾದರೆ ತೆಗೆದುಹಾಕುತ್ತದೆ. ದಾಖಲೆಪುಟಗಳಲ್ಲಿ ಈ ವರ್ತನೆಯನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ಆದರೆ ಮೂರನ್ನೂ ಸರಿಸಮಾನ ಆಯ್ಕೆಗಳೆಂಬಂತೆ ಪರಿಚಯಿಸಿ, ಅತ್ಯಂತ ಮುಖ್ಯವಾದ ಈ ಮಾತನ್ನು ಮುಂದೆಲ್ಲೋ ಇರಿಸಿರುವುದು ಹೊಸಬರಿಗೆ ಉಪಕಾರ ಮಾಡುವ ಕ್ರಮವಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ದಾರಿಗೆ ಇನ್ನೊಂದು ಗುಣವಿದೆ, ಅದನ್ನು ಗಮನಿಸಿದವರು ಕಡಿಮೆ. ಒಂದು ಸೆಲ್‌ನ ಬಣ್ಣ ಅದೇ ಸಾಲಿನ ಬೇರೊಂದು ಕಾಲಂ ಅನ್ನು ಅವಲಂಬಿಸಿರುವುದು ತೀರ ಸಾಮಾನ್ಯ: ಗಡುವು ಮೀರಿದ್ದರೂ ಸ್ಥಿತಿ 'ಮುಗಿದಿದೆ' ಎಂದಿದ್ದರೆ ದಿನಾಂಕವನ್ನು ಕೆಂಪಾಗಿಸಬಾರದು. ಬಳಕೆದಾರರು ಸ್ಥಿತಿಯನ್ನು ಬದಲಿಸಿದಾಗ ದಿನಾಂಕದ ಸೆಲ್‌ನ ಮೌಲ್ಯ ಬದಲಾಗಿರುವುದಿಲ್ಲ, ಆದ್ದರಿಂದ ಅದರ ಸೆಲ್‌ಸ್ಟೈಲ್ ಮತ್ತೆ ಲೆಕ್ಕಕ್ಕೆ ಬರುವುದಿಲ್ಲ. ಸೆಲ್‌ಕ್ಲಾಸ್‌ರೂಲ್ಸ್‌ನ ನಿಯಮಗಳನ್ನಾದರೋ ಗ್ರಿಡ್ ಆ ಸೆಲ್‌ನ ಸ್ವಂತ ಮೌಲ್ಯ ಬದಲಾಗದಿದ್ದರೂ ಮರುಪರಿಶೀಲಿಸುತ್ತದೆ. ಷರತ್ತಿನಲ್ಲಿರುವ ಮಿತಿಯೇ ಗ್ರಿಡ್‌ನ ಹೊರಗಿದ್ದರೆ, ಉದಾಹರಣೆಗೆ ಪುಟದ ಮೇಲ್ಭಾಗದಲ್ಲಿ ಕನಿಷ್ಠ ದಾಸ್ತಾನನ್ನು ನಮೂದಿಸುವ ಪೆಟ್ಟಿಗೆ ಇದ್ದರೆ, ಅದು ಬದಲಾದದ್ದು ಗ್ರಿಡ್‌ಗೆ ತಾನಾಗಿ ತಿಳಿಯುವ ಬಗೆಯಿಲ್ಲ. ಆಗ ರಿಫ್ರೆಶ್‌ಸೆಲ್ಸ್ ಎಂಬ ವಿಧಾನವನ್ನು ನಾವೇ ಕರೆಯಬೇಕು, ಸೆಲ್‌ಸ್ಟೈಲ್ ಬಳಸಿದ್ದರೆ ಅದಕ್ಕೆ ಮೌಲ್ಯ ಬದಲಾಗದಿದ್ದರೂ ಸೆಲ್ ಅನ್ನು ಮತ್ತೆ ಚಿತ್ರಿಸುವ 'ಫೋರ್ಸ್' ಆಯ್ಕೆಯನ್ನೂ ಸೇರಿಸಬೇಕು.

ಷರತ್ತುಗಳನ್ನು ಫಂಕ್ಷನ್ ಆಗಿಯೂ ಬರೆಯಬಹುದು, ಚಿಕ್ಕ ಪಠ್ಯಸೂತ್ರವಾಗಿಯೂ ಬರೆಯಬಹುದು. ಸೂತ್ರ ಓದಲು ಹಿತವಾಗಿದ್ದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಗ್ರಿಡ್ ಆ ಪಠ್ಯವನ್ನು ಓಡುವ ಕೋಡ್ ಆಗಿ ಪರಿವರ್ತಿಸಬೇಕಾಗುವುದರಿಂದ, ಕಟ್ಟುನಿಟ್ಟಾದ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ (ಪುಟದಲ್ಲಿ ಯಾವ ಕೋಡ್ ಓಡಬಹುದೆಂದು ಬ್ರೌಸರ್‌ಗೆ ಹೇಳುವ ಭದ್ರತಾ ನಿಯಮ) ಇರುವ ಸೈಟ್‌ಗಳಲ್ಲಿ ಪಠ್ಯವನ್ನು ಕೋಡ್ ಆಗಿ ಓಡಿಸಲು ಬಿಡುವ 'ಅನ್‌ಸೇಫ್ ಇವ್ಯಾಲ್' ಅನುಮತಿ ಕೊಡದೆ ಅದು ಕೆಲಸ ಮಾಡುವುದಿಲ್ಲ, ಮತ್ತು ಬಣ್ಣಕ್ಕಾಗಿ ಭದ್ರತೆಯನ್ನು ಸಡಿಲಿಸುವುದು ಒಪ್ಪುವ ಮಾತಲ್ಲ. ಫಂಕ್ಷನ್ ಬರೆದರೂ ಜಾವಾಸ್ಕ್ರಿಪ್ಟ್‌ನ ಹೋಲಿಕೆಯ ವಿಚಿತ್ರಗಳಿಂದ ಪಾರಾಗಲು ಆಗುವುದಿಲ್ಲ. 'ಮೌಲ್ಯ 20ಕ್ಕಿಂತ ಕಡಿಮೆ' ಎಂಬ ಸರಳ ಷರತ್ತನ್ನೇ ತೆಗೆದುಕೊಳ್ಳಿ: ಮೌಲ್ಯವಿಲ್ಲ ಎಂದು ಸೂಚಿಸುವ ನಲ್ ಹೋಲಿಕೆಯಲ್ಲಿ ಸೊನ್ನೆಯಾಗುವುದರಿಂದ ಮಾಹಿತಿಯೇ ಇಲ್ಲದ ಸೆಲ್ ಕೆಂಪಾಗುತ್ತದೆ, ಖಾಲಿ ಪಠ್ಯವೂ ಹಾಗೆಯೇ, ಆದರೆ ಮೌಲ್ಯವನ್ನೇ ಕೊಡದಿದ್ದರಿಂದ ಅನ್‌ಡಿಫೈನ್ಡ್ ಆಗಿರುವ ಸೆಲ್ ಬಣ್ಣವಿಲ್ಲದೆ ಉಳಿಯುತ್ತದೆ. ನೋಡುವವರಿಗೆ ಮೂರೂ ಖಾಲಿಯೇ, ಬಣ್ಣ ಮಾತ್ರ ಬೇರೆ ಬೇರೆ. ಸರ್ವರ್‌ನಿಂದ ಅಂಕಿಗಳು ಪಠ್ಯವಾಗಿ ಬಂದು, ಮಿತಿಯೂ ಪಠ್ಯವಾಗಿದ್ದರೆ ಅಕ್ಷರಕ್ಕೆ ಅಕ್ಷರ ಹೋಲಿಸಲಾಗಿ 9 ಎಂಬುದು 20ಕ್ಕಿಂತ ದೊಡ್ಡದೆಂದು ತೀರ್ಮಾನವಾಗುತ್ತದೆ. ಸಾಲುಗಳನ್ನು ಗುಂಪುಗೂಡಿಸಿದಾಗ ಗುಂಪಿನ ಶೀರ್ಷಿಕೆ ಸಾಲಿಗೆ ಡೇಟಾ ಎಂಬ ವಸ್ತುವೇ ಇರುವುದಿಲ್ಲವಾದ್ದರಿಂದ, ಅದನ್ನು ಪರೀಕ್ಷಿಸದೆ ಮುಂದುವರಿಯುವ ಫಂಕ್ಷನ್ ಅಲ್ಲಿಯೇ ದೋಷ ಎಸೆಯುತ್ತದೆ. ಇವೆಲ್ಲ ಗ್ರಿಡ್‌ನ ತಪ್ಪಲ್ಲ, ಆದರೆ ಷರತ್ತುಗಳನ್ನು ಕಾಲಂ ವ್ಯಾಖ್ಯಾನದೊಳಗೇ ಚದುರಿಸಿಡದೆ ಪ್ರತ್ಯೇಕ ಕಡತದಲ್ಲಿ ಹೆಸರಿಟ್ಟ ಫಂಕ್ಷನ್‌ಗಳಾಗಿ ಬರೆದು ಪರೀಕ್ಷೆಗೆ ಒಳಪಡಿಸುವುದೇ ಸುರಕ್ಷಿತ.

ಸೆಲ್‌ಸ್ಟೈಲ್‌ಗೆ ಸ್ಥಾನವೇ ಇಲ್ಲವೆಂದಲ್ಲ. ಶೇಕಡಾವಾರು ಪ್ರಮಾಣಕ್ಕೆ ತಕ್ಕಂತೆ ತಿಳಿ ನೀಲಿಯಿಂದ ಗಾಢ ನೀಲಿಗೆ ಸಾಗುವ ಹೀಟ್‌ಮ್ಯಾಪ್ ಬೇಕಾದಾಗ ಪ್ರತಿ ಛಾಯೆಗೂ ಕ್ಲಾಸ್ ಬರೆಯಲಾಗದು. ಅಲ್ಲಿ ಅದೇ ಸರಿ, ಆದರೆ ಪ್ರತಿ ಬಾರಿಯೂ ಹಿನ್ನೆಲೆಯ ಬಣ್ಣವನ್ನು ತಪ್ಪದೆ ಹಿಂತಿರುಗಿಸಬೇಕು. ಕಾಲಂನ ಗರಿಷ್ಠ, ಕನಿಷ್ಠಗಳನ್ನು ಆ ಫಂಕ್ಷನ್‌ನೊಳಗೆ ಕಂಡುಹಿಡಿಯಲು ಹೋಗಬಾರದು, ಏಕೆಂದರೆ ಸ್ಕ್ರಾಲ್ ಮಾಡಿದಂತೆ ಹೊಸದಾಗಿ ಮೂಡುವ ಪ್ರತಿ ಸೆಲ್‌ಗೂ ಅದು ಓಡುತ್ತದೆ. ಅವನ್ನು ಮೊದಲೇ ಲೆಕ್ಕಹಾಕಿ ಇಂಥ ಫಂಕ್ಷನ್‌ಗಳಿಗೆಲ್ಲ ಸಿಗುವ ಗ್ರಿಡ್‌ನ ಕಾಂಟೆಕ್ಸ್ಟ್ ಎಂಬ ವಸ್ತುವಿನಲ್ಲಿ ಇಟ್ಟರೆ ದೊಡ್ಡ ಕೋಷ್ಟಕವೂ ಸರಾಗವಾಗಿ ಚಲಿಸುತ್ತದೆ.

ನೋಟದ ವಿಷಯದಲ್ಲಿ ಎರಡು ಮಾತು. ಸೆಲ್‌ಗೆ ಪೂರ್ಣ ಅಪಾರದರ್ಶಕ ಹಿನ್ನೆಲೆ ಕೊಟ್ಟರೆ, ಮೌಸ್ ಹಾಯ್ದಾಗ ಸಾಲಿಗೆ ಬರುವ ಬಣ್ಣ ಆ ಸೆಲ್‌ನಲ್ಲಿ ಕಾಣದೆ ಸಾಲು ಮುರಿದಂತೆ ತೋರುತ್ತದೆ, ಅರೆಪಾರದರ್ಶಕ ಬಣ್ಣ ಬಳಸಿದರೆ ಈ ತೊಡಕಿಲ್ಲ. ಮುಖ್ಯವಾದದ್ದು ಎರಡನೆಯ ಮಾತು: ಬಣ್ಣವೊಂದೇ ಅರ್ಥವನ್ನು ಹೊರಬಾರದು ಎಂದು ವೆಬ್ ಪುಟಗಳು ಎಲ್ಲರಿಗೂ ಬಳಸಲು ಆಗುವಂತಿರಬೇಕೆಂಬ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಇರಬೇಕೆಂದೂ ಹೇಳುತ್ತದೆ. ದೃಷ್ಟಿದೋಷವುಳ್ಳವರಿಗೆ ಪರದೆಯ ಪಠ್ಯವನ್ನು ಓದುವ ಸ್ಕ್ರೀನ್ ರೀಡರ್ ಕೆಂಪನ್ನು ಓದಿ ಹೇಳುವುದಿಲ್ಲ, ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಸ್ಥಿತಿಯಲ್ಲಿ ನಮ್ಮ ಹಿನ್ನೆಲೆಯ ಬಣ್ಣ ಉಳಿಯುವುದೂ ಇಲ್ಲ. ಎಜಿ ಗ್ರಿಡ್‌ನ ಶೈಲಿ ನಿಯಮಗಳಲ್ಲಿ ಇದಕ್ಕೆ ಸಿದ್ಧ ಪರಿಹಾರವಿಲ್ಲ. ಸೆಲ್‌ನೊಳಗೆ ಏನು ಕಾಣಬೇಕೆಂದು ತೀರ್ಮಾನಿಸುವ ಸೆಲ್ ರೆಂಡರರ್ ಬರೆದು ಮೌಲ್ಯದ ಪಕ್ಕದಲ್ಲಿ 'ಕಡಿಮೆ' ಎಂಬ ಪದವನ್ನೋ ಗುರುತನ್ನೋ ಸೇರಿಸುವುದು ಅನಿವಾರ್ಯ.

ಹಣದ ಪ್ರಶ್ನೆ ಏಳುವುದು ಎಕ್ಸೆಲ್ ಕಡತದ ವಿಚಾರದಲ್ಲಿ. ಮೇಲೆ ಹೇಳಿದ ಶೈಲಿಯ ಸೌಲಭ್ಯಗಳೆಲ್ಲ ಎಂಐಟಿ ಪರವಾನಗಿಯ ಉಚಿತ ಕಮ್ಯುನಿಟಿ ಆವೃತ್ತಿಯಲ್ಲಿಯೇ ಇವೆ. ಆದರೆ ಪರದೆಯಲ್ಲಿ ಕಂಡ ಬಣ್ಣ ತಮಗೆ ಸಿಗುವ ಕಡತದಲ್ಲಿಯೂ ಇರಬೇಕೆಂದು ಬಳಕೆದಾರರು ಕೇಳಿಯೇ ಕೇಳುತ್ತಾರೆ, ಮತ್ತು ಎಕ್ಸೆಲ್ ರಫ್ತು ಹಣ ಕೊಟ್ಟು ಪಡೆಯುವ ಎಂಟರ್‌ಪ್ರೈಸ್ ಆವೃತ್ತಿಗೆ ಸೇರಿದೆ. ಉಚಿತ ಆವೃತ್ತಿಯ, ಬರೀ ಪಠ್ಯವಾದ ಸಿಎಸ್‌ವಿ ರಫ್ತಿನಲ್ಲಿ ಬಣ್ಣದ ಮಾತೇ ಬರುವುದಿಲ್ಲ. ಹಣ ತೆತ್ತ ಮೇಲೂ ಸಿಎಸ್ಎಸ್ ತಾನಾಗಿ ಕಡತಕ್ಕೆ ಇಳಿಯುವುದಿಲ್ಲ. ಕ್ಲಾಸ್‌ನ ಹೆಸರನ್ನೇ ಗುರುತಾಗಿಟ್ಟುಕೊಂಡು ಎಕ್ಸೆಲ್‌ಸ್ಟೈಲ್ಸ್ ಎಂಬ ಪಟ್ಟಿಯಲ್ಲಿ ಅದೇ ಬಣ್ಣವನ್ನು ಮತ್ತೊಮ್ಮೆ ಬರೆಯಬೇಕು, ಸೆಲ್‌ಸ್ಟೈಲ್‌ನಿಂದ ಬಂದ ಬಣ್ಣ ಅಲ್ಲಿಗೆ ಹೋಗುವುದೇ ಇಲ್ಲ. ಎರಡು ಕಡೆ ಬರೆದದ್ದು ಕಾಲಕ್ರಮದಲ್ಲಿ ಬೇರೆಯಾಗದಂತೆ ಬಣ್ಣಗಳನ್ನು ಒಂದೇ ಸ್ಥಳದಿಂದ ಪಡೆಯುವ ವ್ಯವಸ್ಥೆಯನ್ನು ಮೊದಲ ದಿನವೇ ಮಾಡಿಕೊಳ್ಳುವುದು ಲೇಸು.

ಆವೃತ್ತಿಗಳು ಬದಲಾದಂತೆ ನಿಯಮಗಳನ್ನು ಬರೆಯುವ ಕ್ರಮ ಸ್ಥಿರವಾಗಿ ಉಳಿದಿರುವುದು ಮೆಚ್ಚತಕ್ಕದ್ದು. 33ನೆಯ ಆವೃತ್ತಿಯಲ್ಲಿ ಥೀಮ್‌ಗಳನ್ನು ಹೊಂದಿಸುವ ವಿಧಾನವೇ ಬದಲಾಗಿ, ಸಿಎಸ್ಎಸ್ ಕಡತಗಳ ಬದಲು ಜಾವಾಸ್ಕ್ರಿಪ್ಟ್ ಮೂಲಕ ಥೀಮ್ ಕೊಡುವುದು ವಾಡಿಕೆಯಾಯಿತು. ಆಗ ಗ್ರಿಡ್‌ನ ಒಳಗಿನ ಕ್ಲಾಸ್‌ಗಳನ್ನು ಹಿಡಿದು ಬರೆದ ಶೈಲಿಗಳನ್ನು ಮರುಪರಿಶೀಲಿಸಬೇಕಾಗುತ್ತದೆ, ನಾವೇ ಹೆಸರಿಟ್ಟ ಕ್ಲಾಸ್‌ಗಳ ನಿಯಮಗಳು ಹಾಗೆಯೇ ನಡೆಯುತ್ತವೆ.

ಇತರ ಆಯ್ಕೆಗಳಲ್ಲಿ, ಡೇಟಾಟೇಬಲ್ಸ್ ಎಂಬ ಲೈಬ್ರರಿಯ ಕ್ರಿಯೇಟೆಡ್‌ಸೆಲ್ ಎಂಬ ಫಂಕ್ಷನ್, ಸೆಲ್ ಹುಟ್ಟಿದಾಗ ಒಮ್ಮೆ ಮಾತ್ರ ಓಡುವುದರಿಂದ ತಿದ್ದುವ ಕೋಷ್ಟಕಕ್ಕೆ ಸಾಲದು, ಪ್ರತಿ ಚಿತ್ರಣಕ್ಕೂ ಓಡುವ ರೋಕಾಲ್‌ಬ್ಯಾಕ್ ಬೇಕಾಗುತ್ತದೆ. ಟ್ಯಾನ್‌ಸ್ಟ್ಯಾಕ್ ಟೇಬಲ್ ಎಂಬ ಇನ್ನೊಂದು ಲೈಬ್ರರಿ ಯಾವ ರೂಪವನ್ನೂ ತಾನೇ ಬಿಡಿಸದೆ ಎಲ್ಲವನ್ನೂ ನಮಗೆ ಬಿಡುತ್ತದೆ. ಪರದೆಯನ್ನು ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿಯನ್ನು ಬಲ್ಲವರಿಗೆ ಅಲ್ಲಿ ಹಳೆಯ ಕ್ಲಾಸ್ ಉಳಿಯುವ ಸಮಸ್ಯೆಯೇ ಇಲ್ಲ, ಆದರೆ ಸ್ಕ್ರಾಲ್, ರಫ್ತು, ತಿದ್ದುವಿಕೆಗಳ ವ್ಯವಸ್ಥೆಯನ್ನು ಬೇರೆಯಾಗಿ ಕಟ್ಟಿಕೊಳ್ಳಬೇಕು. ಕೋಷ್ಟಕದಲ್ಲಿ ನೂರಿನ್ನೂರು ಸಾಲುಗಳಷ್ಟೇ ಇದ್ದು ಅಲ್ಲಿ ಯಾರೂ ಏನನ್ನೂ ತಿದ್ದುವುದಿಲ್ಲವಾದರೆ, ಸರ್ವರ್‌ನಲ್ಲಿಯೇ ಡೇಟಾ ಆಟ್ರಿಬ್ಯೂಟ್ ಬರೆದು ಕಳುಹಿಸಿ ಕೆಲವೇ ಸಾಲುಗಳ ಸಿಎಸ್ಎಸ್‌ನಿಂದ ಕೆಲಸ ಮುಗಿಸುವುದನ್ನು ನಾನು ಈಗಲೂ ಮೊದಲ ಆಯ್ಕೆಯಾಗಿ ಇಟ್ಟುಕೊಂಡಿದ್ದೇನೆ.