ಬೆಕ್ಕು ಹಿಡಿಯುವ ಬೋನು: ಒಂದು ಮಳೆಗಾಲ ಕಳೆದ ಮೇಲೆ

ಹೋದ ನವೆಂಬರಿನಲ್ಲಿ ಆನ್‌ಲೈನಿನಲ್ಲಿ ತರಿಸಿದ ಕಬ್ಬಿಣದ ಬೋನು. ಬೆಲೆ 3,200 ರೂಪಾಯಿ. ಉದ್ದ 30 ಇಂಚು, ಅಗಲ 10, ಎತ್ತರ 12. ಮುಂದೆ ತಾನಾಗಿ ಬೀಳುವ ಬಾಗಿಲು, ಹಿಂದೆ ಮೇಲಕ್ಕೆ ಎಳೆಯುವ ಬಾಗಿಲು, ಒಳಗೆ ಕಾಲಿಟ್ಟರೆ ತಗ್ಗುವ ಒಂದು ತಗಡು. ಇದರಲ್ಲಿ ಈವರೆಗೆ ಎಂಟು ಬೆಕ್ಕು ಹಿಡಿದು ಸಂತಾನಹರಣ ಚಿಕಿತ್ಸೆ ಮಾಡಿಸಿದ್ದೇನೆ. ಕೊಳ್ಳಬಹುದಾ ಎಂದು ಕೇಳಿದವರಿಗೆ ಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಬಂದ ಹಾಗೆಯೇ ಬಳಸಬೇಡಿ.

ನಮ್ಮ ತೋಟ ಕಾಸರಗೋಡು ಜಿಲ್ಲೆಯ ಕಾರಡ್ಕದ ಮೀಸಲು ಅರಣ್ಯದ ಅಂಚಿನಲ್ಲಿದೆ. ನೆರೆಮನೆಯವರು ಜಾಗ ಮಾರಿ ಮಂಗಳೂರಿಗೆ ಹೋದಾಗ ಅವರ ಎರಡು ಬೆಕ್ಕು ಇಲ್ಲೇ ಉಳಿದವು. ಬೆಕ್ಕು ಗಬ್ಬವಾಗಿ ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಮರಿಗೆ ಹಾಲೂಡುವಾಗಲೇ ಮತ್ತೆ ಗಬ್ಬವಾಗಬಲ್ಲದು. ಒಂದೂವರೆ ವರ್ಷದಲ್ಲಿ ಎರಡು ಇದ್ದದ್ದು ಒಂಬತ್ತಾದವು. ಅಡಿಕೆ ಮರಗಳ ಮೇಲಿರುವ ಹಾರುವ ಓತಿಗಳಲ್ಲಿ ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆಯಿಡಲಿಕ್ಕೆ. ಹಾಗೆ ಇಳಿದು ಮಣ್ಣು ಕೆದಕುತ್ತಿದ್ದ ಒಂದನ್ನು ಹಳದಿ ಬೆಕ್ಕು ಕಚ್ಚಿ ತಂದು ನಮ್ಮ ಜಗಲಿಯಲ್ಲಿ ಹಾಕಿತು. ಮರದಿಂದ ಮರಕ್ಕೆ ತೇಲಲು ಅದು ಬಿಚ್ಚುವ ಪಕ್ಕದ ಪೊರೆ ಇನ್ನೂ ಅದುರುತ್ತಿತ್ತು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

"ಗೋಣಿಯಲ್ಲಿ ಕಟ್ಟಿ ಕಾಡಿನೊಳಗೆ ಬಿಟ್ಟುಬಿಡುವ ಅಕ್ಕಾ" ಎಂದ ತೋಟದ ಕೆಲಸಕ್ಕೆ ಬರುವ ಅಣ್ಣ. ಊರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಆದರೆ ಕಾಡಿಗೆ ಹೋಗಬಾರದ ಪ್ರಾಣಿ ಇದು. ಮನೆಬೆಕ್ಕು ಕಾಡುಬೆಕ್ಕಿನ ಜೊತೆ ಕೂಡಿದರೆ ಬೆರಕೆ ಮರಿಗಳು ಹುಟ್ಟುತ್ತವೆ. ಮನೆಬೆಕ್ಕಿಗೆ ವಾಂತಿಭೇದಿ ತಂದು ಕೊಲ್ಲಬಲ್ಲ ಪ್ಯಾನ್‌ಲ್ಯೂಕೋಪೀನಿಯಾ ಎಂಬ ರೋಗದ ವೈರಸ್ ಕಾಡಿನ ಬೆಕ್ಕುಗಳಿಗೂ ಅಂಟುತ್ತದೆ. ಇನ್ನೊಬ್ಬರು ವಿಷದ ಮಾತೆತ್ತಿದರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ ಎಂದು ಅವರಿಗೆ ಹೇಳಿದೆ. ಕಾಯ್ದೆ ಇಲ್ಲದಿದ್ದರೂ ನನ್ನಿಂದ ಆಗುವ ಕೆಲಸವಲ್ಲ ಅದು.

ಇನ್ನು ಬೋನಿನ ಗುಣದೋಷ. ಜಾಲರಿಯ ಕಣ್ಣು ಒಂದಿಂಚಿನದು, ಸಣ್ಣದು, ಅದು ಒಳ್ಳೆಯದು. ಹೆದರಿದ ಬೆಕ್ಕು ಮೂತಿ ತೂರಿಸಿ ಗಾಯ ಮಾಡಿಕೊಳ್ಳುವುದಿಲ್ಲ. ತಗಡು ಮಾತ್ರ ತೀರಾ ಗಿಡ್ಡ. ಮೊದಲ ದಿನ ದೊಡ್ಡ ಬೆಕ್ಕೊಂದು ಅದನ್ನು ದಾಟಿ, ಮೀನು ತಿಂದು, ಬಂದ ದಾರಿಯಲ್ಲೇ ಹೊರಗೆ ಹೋಯಿತು. ತಗಡಿನ ಮೇಲೆ ಅಗಲದ ಅಡಿಕೆ ಹಾಳೆಯ ತುಂಡು ಕಟ್ಟಿದ ಮೇಲೆ ದಾಟಲು ಜಾಗವೇ ಉಳಿಯಲಿಲ್ಲ. ನೆಲಕ್ಕೂ ಹಾಳೆ ಹಾಸಿದೆ, ಕಬ್ಬಿಣದ ಸರಿಗೆ ಮೆಟ್ಟಲು ಬೆಕ್ಕಿಗೆ ಇಷ್ಟವಿಲ್ಲ. ಬಾಗಿಲು ಬೀಳುವ ಸದ್ದು ಎಷ್ಟೆಂದರೆ ಉಳಿದವು ಎರಡು ದಿನ ಆ ಕಡೆ ಸುಳಿಯಲಿಲ್ಲ. ಚೌಕಟ್ಟಿಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದೆ. ಆಟಿಯ ಮಳೆಗೆ ಅಡಿಯ ಬೆಸುಗೆಗಳು ತುಕ್ಕು ಹಿಡಿದವು. ಇಷ್ಟು ಬೆಲೆಗೆ ಇದು ಆಗಬಾರದಿತ್ತು. ಕೊಂಡ ದಿನವೇ ಪೈಂಟ್ ಹೊಡೆಯಿರಿ.

ಹಿಂದಿನ ಬಾಗಿಲಿಲ್ಲದ ಬೋನು ಅಗ್ಗಕ್ಕೆ ಸಿಗುತ್ತದೆ, ದಯವಿಟ್ಟು ಅದನ್ನು ಕೊಳ್ಳಬೇಡಿ. ಒಂದು ಸಂಜೆ ನಮ್ಮದರೊಳಗೆ ಮುಂಗುಸಿ ಹೊಕ್ಕಿತು. ನಾನು ಹತ್ತಿರದಲ್ಲೇ ಕೂತಿದ್ದರಿಂದ ಹಿಂದಿನ ಬಾಗಿಲೆತ್ತಿದೆ, ಕೈಗೆ ತಾಗದೆ ಓಡಿತು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿರುವ ಪ್ರಾಣಿ ಅದು. ಕಾಡಿನ ಬದಿಯಲ್ಲಿ ಬೋನು ತೆರೆದಿಟ್ಟು ಮನೆಯೊಳಗೆ ಹೋಗುವಂತಿಲ್ಲ, ರಾತ್ರಿಯಿಡೀ ಇಡುವಂತೆಯೇ ಇಲ್ಲ. ನಾನು ಇಡುವುದು ನಮ್ಮ ಅಂಗಳದಲ್ಲಿ, ಸಂಜೆ ನಾಲ್ಕೂವರೆಯಿಂದ ಆರೂವರೆ ತನಕ ಮಾತ್ರ. ಒಳಗಿಡಲು ಬೇಯಿಸಿದ ಬೂತಾಯಿ ಮೀನು ತೋಟದ ಕೆಲಸದ ಅಣ್ಣನ ಮನೆಯಿಂದ ಬರುತ್ತದೆ. ಬೆಕ್ಕು ಬಿದ್ದ ಕೂಡಲೇ ಬೋನಿಗೆ ಬೈರಾಸು (ಟವೆಲು) ಹೊದಿಸಬೇಕು, ಕತ್ತಲಾದರೆ ಪರಚಾಟ ನಿಲ್ಲುತ್ತದೆ. ರಾತ್ರಿ ಹಾಗೇ ಅಡಿಕೆ ಕೊಟ್ಟಿಗೆಯಲ್ಲಿ ಇಟ್ಟರೆ ಶಸ್ತ್ರಚಿಕಿತ್ಸೆಗೆ ಬೇಕಾದ ಉಪವಾಸವೂ ಆಯಿತು. ಬೆಳಿಗ್ಗೆ ಆಟೋದಲ್ಲಿ ಡಾಕ್ಟರ ಹತ್ತಿರ.

ಅರಿವಳಿಕೆಯಲ್ಲಿರುವಾಗಲೇ ಎಡಕಿವಿಯ ತುದಿ ಸ್ವಲ್ಪ ಕತ್ತರಿಸುತ್ತಾರೆ. ನೋಡಿ ನನಗೂ ಸಂಕಟವಾಯಿತು. ಆದರೆ ದೂರದಿಂದಲೇ ಗುರುತು ಸಿಕ್ಕರೆ ಅದೇ ಬೆಕ್ಕನ್ನು ಮತ್ತೆ ಹಿಡಿದು ಹೆದರಿಸುವುದು ತಪ್ಪುತ್ತದೆ. ಹುಚ್ಚುನಾಯಿ ರೋಗದ ಲಸಿಕೆ, ಪ್ಯಾನ್‌ಲ್ಯೂಕೋಪೀನಿಯಾ ಲಸಿಕೆ ಎರಡನ್ನೂ ಅವತ್ತೇ ಹಾಕಿಸಿದೆ.

ಬೋನಿನಿಂದ ಆಗದ ಕೆಲಸವನ್ನೂ ಹೇಳಬೇಕು. ಚಿಕಿತ್ಸೆಯಾದ ಬೆಕ್ಕು ಮರಿ ಹಾಕುವುದಿಲ್ಲ, ಬೇಟೆ ಬಿಡುವುದಿಲ್ಲ. ಹಿಡಿದು ಮತ್ತೆ ಕಾಡಂಚಿನಲ್ಲೇ ಬಿಟ್ಟರೆ ಓತಿಗಳಿಗೆ ಏನು ಸಿಕ್ಕಿದ ಹಾಗಾಯಿತು? ಅದಕ್ಕೇ ಮೂರು ಮರಿಗಳನ್ನು ಕಾಸರಗೋಡು ಪೇಟೆಯ ಮನೆಗಳಿಗೆ ಕೊಟ್ಟೆ. ಸಾಧುವಾದ ಎರಡು ಈಗ ರಾತ್ರಿ ಮನೆಯೊಳಗೇ ಇರುತ್ತವೆ. ಕೈಗೆ ಸಿಗದ ಮೂರಕ್ಕೆ ಅಂಗಳದಲ್ಲಿ ಹಗಲು ಮಾತ್ರ ಊಟ, ಕಾಡಿನ ಬದಿಯಲ್ಲಿ ಒಂದು ಅಗುಳೂ ಇಡುವುದಿಲ್ಲ. ಅತ್ತೆ ಸಾಧು ಬೆಕ್ಕುಗಳ ಕುತ್ತಿಗೆಗೆ ಗೆಜ್ಜೆ ಕಟ್ಟಿದ್ದರು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಸಾಕುಬೆಕ್ಕುಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುತ್ತಿಗೆಯ ಗಂಟೆಯಿಂದ ಎದ್ದು ಕಾಣುವ ಪ್ರಯೋಜನ ಕಾಣಲಿಲ್ಲ. ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಾಗ ಮನೆಗೆ ತರುವ ಬೇಟೆ 36 ಶೇಕಡಾ, ದಿನಕ್ಕೆ ಐದು ಹತ್ತು ನಿಮಿಷ ಆಡಿಸಿದಾಗ 25 ಶೇಕಡಾ ಕಡಿಮೆಯಾಗಿತ್ತು. ಗೆಜ್ಜೆ ಬಿಚ್ಚಿದೆವು. ಮೊಸರನ್ನದ ಬದಲು ಮೀನು ಕೊಡುತ್ತೇವೆ, ಸಂಜೆ ಮಗಳು ತೆಂಗಿನ ಗರಿಯ ಕಡ್ಡಿಗೆ ಬಟ್ಟೆ ಕಟ್ಟಿ ಆಡಿಸುತ್ತಾಳೆ. ಬೆಕ್ಕುಗಳು ಕಚ್ಚಿ ಜಗಲಿಗೆ ತರುವ ಓತಿಗಳು ಕಡಿಮೆಯಾಗಿವೆ, ಪೂರ್ತಿ ನಿಂತಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಒಂದನ್ನು ತಗಡಿಗೂ ತುಕ್ಕಿಗೂ ಕಳೆದೆ. ಒಂಬತ್ತನೆಯದು, ಆ ಹಳದಿ ಗಂಡುಬೆಕ್ಕು, ಇನ್ನೂ ಹೊರಗಿದೆ. ಈಗ ಬಾಗಿಲನ್ನು ಬೀಳದಂತೆ ಹಗ್ಗದಲ್ಲಿ ಕಟ್ಟಿ ಒಳಗೆ ಮೀನಿಡುತ್ತಿದ್ದೇನೆ. ನಿನ್ನೆ ಮುಂಗಾಲೆರಡನ್ನು ಒಳಗಿಟ್ಟು ತಿಂದು ಹೋಯಿತು. ತಗಡಿನ ತನಕ ನಡೆಯುವುದು ಅಭ್ಯಾಸವಾಗುವವರೆಗೆ ಹಗ್ಗ ಬಿಚ್ಚುವುದಿಲ್ಲ.